ಶಸ್ತ್ರವೈದ್ಯರ ಉಸ್ತಾದ್ ಅಬುಲ್ ಖಾಸಿಮ್ ಅಲ್ ಝಹ್ರಾವಿ



ಇಬ್ನ್ ಸೀನಾ ಅವರ ಹೆಸರನ್ನು ನೀವೆಲ್ಲ ಕೇಳಿರುತ್ತೀರಿ. ಅವರಿಗಿಂತ ಸುಮಾರು ನಲವತ್ತು ವರ್ಷ ಹಿರಿಯರಾಗಿದ್ದ, ಸ್ಪೇನಿನ ಹಕೀಮರೊಬ್ಬರ ಹೆಸರು ನಮ್ಮ ಸಮಾರಂಭಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಬಂದರೂ ಶಸ್ತ್ರಚಿಕಿತ್ಸೆಯನ್ನೆಲ್ಲ ಅವರೊಬ್ಬರೇ ಕಂಡುಹಿಡಿದರೆಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ. ಇದು ಸರಿಯಲ್ಲ. ಅಲ್ ಝಹ್ರಾವಿಯವರು ಗ್ರೀಕ್ ವೈದ್ಯರ, ಅದರಲ್ಲೂ ಪೌಲ್ ಎಂಬುವರ ಗ್ರಂಥದಿಂದ ಬಹಳಷ್ಟನ್ನು ಪಡೆದುಕೊಂಡಿದ್ದರು. ಪಡೆದದ್ದನ್ನು ತಮ್ಮ ಕೈಯಿಂದ ಮಾಡಿ ನೋಡಿ, ಆಮೇಲೆ ಬರೆದರು. ಅವರ ಹಿರಿಮೆ ಇರುವುದು ಅಲ್ಲಿ.

ಖಲೀಫ ಮೂರನೆಯ ಅಬ್ದುರ್ರಹ್ಮಾನ್ ಅವರು 936ರಲ್ಲಿ ಕುರ್ತುಬಾ (ಕಾರ್ಡೋಬಾ) ನಗರದ ಹತ್ತಿರ ಮದೀನತುಝ್ಝಹ್ರಾ ಎಂಬ ಹೊಸ ಪಟ್ಟಣವನ್ನು ಕಟ್ಟಿಸಲು ಆರಂಭಿಸಿದರು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಹುಟ್ಟಿದ ನಮ್ಮ ಹಕೀಮರಿಗೆ ಆ ಪಟ್ಟಣದಿಂದಲೇ ಝಹ್ರಾವಿ ಎಂಬ ಹೆಸರು ಬಂತು. ಮನೆತನ ಮದೀನಾದ ಅನ್ಸಾರಿಗಳದು. ಇದಕ್ಕಿಂತ ಹೆಚ್ಚು ಅವರ ಸ್ವಂತ ಬದುಕಿನ ವಿವರ ಉಳಿದಿಲ್ಲ. ಅವರನ್ನು ನಾವು ತಿಳಿಯಬೇಕಾದರೆ ಸುಮಾರು 1000ನೇ ಇಸವಿಯಲ್ಲಿ ಮುಗಿಸಿದ 'ಅತ್ತಸ್ರೀಫ್' ಗ್ರಂಥವನ್ನೇ ನೋಡಬೇಕು. ಮೂವತ್ತು ಭಾಗಗಳ ಆ ಗ್ರಂಥದ ಕೊನೆಯ ಭಾಗ ಪೂರ್ತಿ ಶಸ್ತ್ರಚಿಕಿತ್ಸೆಗೆ ಮೀಸಲು. ಸುಮಾರು 200 ಉಪಕರಣಗಳ ಚಿತ್ರಗಳು ಅದರಲ್ಲಿವೆ.

ಆ ಭಾಗದ ಪೀಠಿಕೆಯನ್ನು ಅವರು ಹೇಗೆ ಆರಂಭಿಸಿದ್ದಾರೆ ನೋಡಿ. ತಮ್ಮ ಗೆಲುವುಗಳಿಂದಲ್ಲ, ಕಣ್ಣೆದುರು ಕಂಡ ಸಾವುಗಳಿಂದ. ಅರೆಬರೆ ಕಲಿತ ವೈದ್ಯನೊಬ್ಬ ಹೆಂಗಸೊಬ್ಬಳ ಕತ್ತಿನ ಗಡ್ಡೆಗೆ ಕತ್ತಿ ಹಾಕಿ ರಕ್ತನಾಳಗಳನ್ನೇ ಕತ್ತರಿಸಿಬಿಟ್ಟ. ರಕ್ತ ಹರಿದು ಆಕೆ ಅಲ್ಲೇ ಸತ್ತಳು. ಇನ್ನೊಬ್ಬ ವೈದ್ಯ ವೃದ್ಧರೊಬ್ಬರ ಮೂತ್ರಕೋಶದ ಕಲ್ಲನ್ನು ಕೋಶದ ಒಂದು ತುಂಡಿನ ಸಮೇತ ಎಳೆದು ತೆಗೆದ. ರೋಗಿ ಮೂರು ದಿನ ಬದುಕಿದರು. ಅವರನ್ನು ನೋಡಲು ಝಹ್ರಾವಿಯವರನ್ನೂ ಕರೆದಿದ್ದರು. ಕಲ್ಲಿನ ಗಾತ್ರವನ್ನೂ ರೋಗಿಯ ಸ್ಥಿತಿಯನ್ನೂ ಕಂಡು, ಇದು ಉಳಿಯುವ ಜೀವವಲ್ಲವೆಂದು ಅವರು ಅರಿತಿದ್ದರು. ಶರೀರದ ಒಳರಚನೆ ಓದದವನು ಶಸ್ತ್ರ ಹಿಡಿಯಬಾರದು ಎಂಬುದನ್ನು ಶಿಷ್ಯರಿಗೆ ಅವರು ಹೀಗೆ ಕಲಿಸಿದರು.

ಹಾಗೆಂದು ಅಂಜುಬುರುಕರಲ್ಲ. ಕತ್ತು ಕೊಯ್ದುಕೊಂಡ ದಾಸಿಯೊಬ್ಬಳ ಗಾಯವನ್ನು ಹೊಲಿದು ಉಳಿಸಿದರು. ಅವಳ ದನಿ ಮಾತ್ರ ಸ್ವಲ್ಪ ಗೊಗ್ಗರಾಯಿತು. ರಕ್ತ ಚಿಮ್ಮುವ ನಾಳವನ್ನು ದಾರದಿಂದ ಬಿಗಿದು ಕಟ್ಟುವ ಕ್ರಮವನ್ನು ವಿವರಿಸಿದರು. ಪ್ರಾಣಿಗಳ ಕರುಳಿನಿಂದ ತೆಗೆದ ಸಣ್ಣ ಎಳೆಯಿಂದ ಕರುಳಿನ ಗಾಯ ಹೊಲಿಯುವುದನ್ನೂ, ದೊಡ್ಡ ಇರುವೆಗಳಿಂದ ಗಾಯದ ಎರಡು ಅಂಚುಗಳನ್ನು ಕಚ್ಚಿಸಿ ತಲೆಯನ್ನಷ್ಟೇ ಅಲ್ಲಿ ಉಳಿಸುವ ವಿಚಿತ್ರ ಪದ್ಧತಿಯನ್ನೂ ದಾಖಲಿಸಿದರು. ಆದರೆ ಇವೆರಡೂ ಭರವಸೆಯ ಮೇಲೆ ಮಾಡುವ ಕೆಲಸವೆಂದು ಮುಚ್ಚುಮರೆಯಿಲ್ಲದೆ ತಿಳಿಸಿದರು.

ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವುದು ಯಕೃತ್ತಿನ ಅಧ್ಯಾಯ. ಉರ್ದುವಿನಲ್ಲಿ ಜಿಗರ್ ಎಂದರೆ ಯಕೃತ್ತೂ ಹೌದು, ಧೈರ್ಯವೂ ಹೌದು. ಯಕೃತ್ತಿನಲ್ಲಿ ಕೀವುಗಡ್ಡೆಯಾದಾಗ ನೋವು ಭಾರವಾಗಿದ್ದರೆ ಗಡ್ಡೆ ಮಾಂಸದೊಳಗಿದೆ, ತೀಕ್ಷ್ಣವಾಗಿದ್ದರೆ ಹೊದಿಕೆಯಲ್ಲಿದೆ ಎಂದು ಅವರು ಗುರುತಿಸುತ್ತಾರೆ. ಕಾದ ಕಬ್ಬಿಣದಿಂದ ಹೊದಿಕೆಯವರೆಗೆ ಸುಟ್ಟು ಕೀವು ಹೊರಬಿಡುವ ವಿಧಾನವನ್ನೂ ತಿಳಿಸುತ್ತಾರೆ. ಇಷ್ಟೆಲ್ಲ ಹೇಳಿದ ಮೇಲೆ, ದೀರ್ಘ ಅನುಭವವಿದ್ದವರು ಮಾತ್ರ ಇದಕ್ಕೆ ಕೈ ಹಾಕಬಹುದು, ತಮ್ಮನ್ನು ಕೇಳಿದರೆ ಮಾಡದಿರುವುದೇ ಮೇಲು ಎಂಬ ಅಭಿಪ್ರಾಯವನ್ನು ಸೇರಿಸುತ್ತಾರೆ.

ಯಕೃತ್ತು ಅಷ್ಟು ಕಠಿಣವೇಕೆ? ಅದು ರಕ್ತದಿಂದ ತುಂಬಿದ ಅಂಗ. ಜೊತೆಗೆ ದಿನಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸವನ್ನು ಸೂಕ್ಷ್ಮ ನಾಳಗಳಲ್ಲಿ ಹರಿಸುತ್ತದೆ. ಯೋಜಿಸಿ ಯಕೃತ್ತಿನ ಭಾಗವನ್ನು ಕತ್ತರಿಸಿ ತೆಗೆಯುವ ಕೆಲಸ ಜರ್ಮನಿಯ ಲಾಂಗೆನ್‌ಬುಖ್ ಅವರಿಂದ ನಡೆದದ್ದು 1888ರಷ್ಟು ಈಚೆಗೆ. ಕತ್ತರಿಸಿದ ಮೈಯಲ್ಲಿ ಒಂದು ಪಿತ್ತನಾಳದ ಬಾಯಿ ತೆರೆದಿದ್ದರೂ ರಸ ಹೊಟ್ಟೆಯೊಳಗೆ ಸೋರಿ ಕೀವಾಗುತ್ತದೆ. ಆದ್ದರಿಂದ ಇಂದಿನ ಸರ್ಜನ್ನರು ಕಂಡ ಪ್ರತಿಯೊಂದು ನಾಳವನ್ನು ದಾರ ಅಥವಾ ಕ್ಲಿಪ್ಪಿನಿಂದ ಬಿಗಿಯುತ್ತಾರೆ. ಆಮೇಲೆ ಪಿತ್ತನಾಳದ ಕೆಳತುದಿಯನ್ನು ಒತ್ತಿಹಿಡಿದು ಉಪ್ಪುನೀರನ್ನೋ ಬಣ್ಣದ ದ್ರವವನ್ನೋ ಒಳಕ್ಕೆ ಬಿಟ್ಟು, ಕತ್ತರಿಸಿದ ಮೈಮೇಲೆ ಬಿಳಿ ಬಟ್ಟೆಯಿಡುತ್ತಾರೆ. ಕಲೆ ಮೂಡಿದ ಜಾಗಕ್ಕೆ ಮತ್ತೊಂದು ಹೊಲಿಗೆ. ಎಷ್ಟೋ ವೇಳೆ ಪಕ್ಕದಲ್ಲಿ ಒಂದು ಕೊಳವೆಯನ್ನೂ ಇಡುತ್ತಾರೆ. ಮೂರನೆಯ ದಿನ ಅಥವಾ ಅನಂತರ ಆ ಕೊಳವೆಯ ದ್ರವದಲ್ಲಿ ಬಿಲಿರುಬಿನ್ ರಕ್ತದಲ್ಲಿರುವುದರ ಮೂರು ಪಟ್ಟು ಅಥವಾ ಹೆಚ್ಚಿದ್ದರೆ ಸೋರಿಕೆಯೆಂದು ಲೆಕ್ಕ; 2011ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಪ್ಪಿದ ಅಳತೆ ಇದು. ಎಷ್ಟು ಜಾಗ್ರತೆ ವಹಿಸಿದರೂ ನೂರರಲ್ಲಿ ಕೆಲವರಿಗೆ ಸೋರುತ್ತದೆ. ಅನೇಕರಿಗೆ ಕೊಳವೆಯಿಂದಲೇ ಗುಣವಾಗುತ್ತದೆ. ಉಳಿದವರಿಗೆ ಎಂಡೋಸ್ಕೋಪಿಯ ಮೂಲಕ ಪಿತ್ತನಾಳದಲ್ಲಿ ಸಣ್ಣ ನಳಿಗೆಯಿಟ್ಟು ರಸವನ್ನು ಕರುಳಿನ ಕಡೆಗೆ ತಿರುಗಿಸುತ್ತಾರೆ.

ಮದೀನತುಝ್ಝಹ್ರಾ 1010ರಲ್ಲಿ ಅಂತರ್ಯುದ್ಧದ ಲೂಟಿಗೆ ಸಿಕ್ಕಿ ಹಾಳಾಯಿತು. ಸುಮಾರು 1013ರಲ್ಲಿ ಝಹ್ರಾವಿಯವರು ತೀರಿಕೊಂಡರು. ಗ್ರಂಥ ಮಾತ್ರ ಉಳಿಯಿತು. ಹನ್ನೆರಡನೆಯ ಶತಮಾನದಲ್ಲಿ ಟೊಲೇಡೊ ನಗರದಲ್ಲಿ ಗೆರಾರ್ಡ್ ಎಂಬವರು ಶಸ್ತ್ರಚಿಕಿತ್ಸೆಯ ಭಾಗವನ್ನು ಲ್ಯಾಟಿನ್ನಿಗೆ ತಂದರು. ಯುರೋಪಿನ ವೈದ್ಯರು ಶತಮಾನಗಳ ಕಾಲ ಅದನ್ನು ಓದಿದರು. ಅರಬ್ಬಿಯ ಮೂಲ ನಮ್ಮ ದೇಶದಲ್ಲೇ, ಲಖನೌದಲ್ಲಿ, 1908ರಲ್ಲಿ ಕಲ್ಲಚ್ಚಿನಲ್ಲಿ ಮುದ್ರಣವಾಯಿತು.