ಬರದ ಪಟ ತೆಗೆದ ದಂಡಿನ ಸಾಹೇಬ

ಧಾತು, ಈಶ್ವರ ಸಂವತ್ಸರಗಳ ಬರವನ್ನು ನೆನೆದರೆ ಮೈಸೂರು ಸೀಮೆಯ ಇತಿಹಾಸ ಬಲ್ಲವರ ಎದೆ ಇಂದಿಗೂ ನಡುಗುವುದು. 1876ರಿಂದ 1878ರವರೆಗೆ ದಕ್ಷಿಣ ದೇಶವನ್ನು ಹುರಿದ ಆ ಕ್ಷಾಮದ ಘೋರವನ್ನು ಅರಿಯಲು ಎರಡು ಅಂಕಿಗಳೇ ಸಾಕು. 1871ರ ಖಾನೇಷುಮಾರಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯು 50 ಲಕ್ಷಕ್ಕೆ ಮೇಲಿದ್ದಿತು. 1881ರಲ್ಲಿ ಅದು 42 ಲಕ್ಷಕ್ಕೂ ಕಡಮೆ. ಆದರೆ ಅಂಕಿಗಳಿಗೆ ಮುಖವಿಲ್ಲ. ಆ ಹಸಿವಿನ ಮುಖವನ್ನು ಲೋಕದ ಕಣ್ಣಿಗೆ ಒಡ್ಡಿದವು ನೆರೆಯ ಮದರಾಸು ಪ್ರಾಂತದಲ್ಲಿ ತೆಗೆದ ಕೆಲವು ಛಾಯಾಚಿತ್ರಗಳು. ತೆಗೆದವನು ವಿಲ್ಲಬಿ ವಾಲೇಸ್ ಹೂಪರ್ ಎಂಬ ಆಂಗ್ಲ ಸೇನಾಧಿಕಾರಿ. ಛಾಯಾಚಿತ್ರದ ಇತಿಹಾಸದಲ್ಲಿ ಹೆಸರಾದ ಈತನ ಚರಿತ್ರೆಯು ಪಟ ತೆಗೆಯುವವರಿಗೂ ಅದನ್ನು ನೋಡುವವರಿಗೂ ವಿಚಾರಾರ್ಹವಾಗಿದೆ.

1837ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಹೂಪರನು 1858ರಲ್ಲಿ ಮದರಾಸಿನ ಅಶ್ವದಳವನ್ನು ಸೇರಿದನು. ದಂಡಿನ ಕೆಲಸ ವೃತ್ತಿ, ಕ್ಯಾಮೆರಾ ವ್ಯಸನ. 1857ರ ದಂಗೆಯಿಂದ ಬೆಚ್ಚಿದ ಆಳುವವರಿಗೆ ಆಳಿಸಿಕೊಳ್ಳುವವರ ಜಾತಿ, ಉಡುಪು, ಮುಖಲಕ್ಷಣಗಳನ್ನು ಪಟ್ಟಿಮಾಡುವ ಚಪಲ ಹುಟ್ಟಿದ್ದಿತು. 1868ರಿಂದ 1875ರವರೆಗೆ ಎಂಟು ಸಂಪುಟಗಳಾಗಿ ಹೊರಬಿದ್ದ ‘ದಿ ಪೀಪಲ್ ಆಫ್ ಇಂಡಿಯಾ’ ಗ್ರಂಥದಲ್ಲಿ ಹೂಪರನು ಮಧ್ಯಪ್ರಾಂತದಲ್ಲಿ ತೆಗೆದ ಪಟಗಳೂ ಸೇರಿದವು. ಮುಂದೆ ವೆಸ್ಟರ್ನ್ ಎಂಬ ಜೊತೆಗಾರನೊಡನೆ ಹುಲಿಬೇಟೆಯ ಚಿತ್ರಮಾಲೆಯನ್ನೂ ಸಿದ್ಧಪಡಿಸಿದನು. ಬೇಟೆಯನ್ನು ಗುರಿಯಿಟ್ಟು ನೋಡುವ ಆ ಕಣ್ಣೇ ಬರದ ನಾಡಿಗೂ ಬಂದಿತು.

1876ರಲ್ಲಿ ಮಳೆ ಕೈಕೊಟ್ಟಿತು. ಮದರಾಸು ಮಾತ್ರವಲ್ಲ, ಮೈಸೂರು ಕೂಡ 1831ರಿಂದ ಆಂಗ್ಲ ಕಮಿಷನರುಗಳ ಆಡಳಿತದಲ್ಲಿಯೇ ಇದ್ದಿತು. 1877ರ ಜನವರಿ 1ರಂದು ದೆಹಲಿಯಲ್ಲಿ ವೈಸರಾಯ್ ಲಿಟನ್ ವೈಭವದ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಿದಾಗ ದಕ್ಷಿಣದಲ್ಲಿ ಜನ ಗಂಜಿಗೆ ಬಾಯಿಬಿಡುತ್ತಿದ್ದರು. ಖರ್ಚನ್ನು ಬಿಗಿಹಿಡಿಯಲು ಬಂದ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಒಂದಾಣೆಯೆಂದು ಕೂಲಿ ಕಟ್ಟಿದನು. ಅಷ್ಟರಲ್ಲಿ ದೇಹ ನಿಲ್ಲದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ವಾದಿಸಿದನು.

ಇಂಥ ಕಾಲದಲ್ಲಿ ಹೂಪರನು ಕ್ಷಾಮಪೀಡಿತರ ಮುಂದೆ ತನ್ನ ಕ್ಯಾಮೆರಾವನ್ನು ನಿಲ್ಲಿಸಿದನು. ಎಣಿಸಬಹುದಾದ ಪಕ್ಕೆಲುಬು, ಕಡ್ಡಿಯಂತಹ ಕಾಲು, ತಾಯಿಯ ಮಡಿಲಲ್ಲಿ ಮುದುಕನಂತೆ ಕಾಣುವ ಮಗು. ಅಂದಿನ ಗಾಜಿನ ಫಲಕದ ಛಾಯಾಗ್ರಹಣದಲ್ಲಿ ಎದುರಿಗಿರುವವರು ಅಲುಗದೆ ಇರಬೇಕು. ಕೂಡಲೂ ತ್ರಾಣವಿಲ್ಲದವರನ್ನು ಸಾಲಾಗಿ ಕೂರಿಸಿ ಪಟ ತೆಗೆಯಲಾಯಿತು. ತೆಗೆದ ಮೇಲೆ ಅವರ ಕೈಗೆ ತುತ್ತು ಬಂದಿತೇ ಎಂದು ವಿದ್ವಾಂಸರು ಇಂದಿಗೂ ಕೇಳುತ್ತಿದ್ದಾರೆ. ಅವರ ಹೆಸರಾಗಲಿ ಊರಾಗಲಿ ನಮ್ಮವರೆಗೆ ಬಂದು ಮುಟ್ಟಿಲ್ಲ.

ಹೂಪರನ ಮನೋಧರ್ಮವು ಬಯಲಾದುದು ಬರ್ಮಾದಲ್ಲಿ. 1885ರಲ್ಲಿ ಥೀಬಾ ದೊರೆಯ ಪದಚ್ಯುತಿಯಾದ ಮೇಲೆ ಮಂಡಾಲೆಯ ದಂಡಿನಲ್ಲಿ ಶಿಕ್ಷಾಪಾಲನೆಯ ಅಧಿಕಾರ ಈತನದಾಯಿತು. ದರೋಡೆಕೋರರೆಂದು ಹಿಡಿದ ಬರ್ಮೀಯರನ್ನು ಗೋಡೆಗೆ ನಿಲ್ಲಿಸಿ ಗುಂಡಿಕ್ಕುವಾಗ, ಗುಂಡು ತಗಲುವ ಗಳಿಗೆಯನ್ನೇ ಹಿಡಿಯಲೆಂದು ಕ್ಯಾಮೆರಾ ಹೂಡಿದನೆಂಬ ವಾರ್ತೆಯು 1886ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ಬಂದಿತು. ಪಾರ್ಲಿಮೆಂಟಿನಲ್ಲಿ ಗದ್ದಲವೆದ್ದಿತು, ವಿಚಾರಣೆ ನಡೆದು ಹೂಪರನಿಗೆ ಛೀಮಾರಿಯಾಯಿತು. ಆದರೂ 1887ರಲ್ಲಿ ಬರ್ಮಾದ ನೂರು ಛಾಯಾಚಿತ್ರಗಳ ಸಂಪುಟವನ್ನು ಹೊರತಂದನು. ಕರ್ನಲ್ ಪದವಿಯನ್ನೂ ಪಡೆದನು. 1912ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡನು.

ಹೂಪರನನ್ನು ಕರುಣಾಳುವೆಂದು ಹೇಳಲು ಆಧಾರವಿಲ್ಲ. ಆದರೂ ಆ ಕ್ಷಾಮದ ಪಟಗಳು ಅವನು ಯಾರ ಸಂಬಳ ಉಂಡನೋ ಆ ಸರ್ಕಾರದ ಮೇಲೆಯೇ ಸಾಕ್ಷಿ ನುಡಿಯುತ್ತಿವೆ. ಪರಿಹಾರ ಸಾಲುವಷ್ಟಿದ್ದಿತೆಂದು ಯಾವ ಕಡತ ಹೇಳಿದರೂ ಆ ಪಕ್ಕೆಲುಬುಗಳು ಒಪ್ಪವು. ಸಾಕ್ಷಿ ಹೇಳಬೇಕೆಂಬ ಸಂಕಲ್ಪವಿಲ್ಲದವನ ಕೈಯಿಂದಲೇ ಕಾಲಪುರುಷನು ಸಾಕ್ಷಿಯನ್ನು ಬರೆಸಿಕೊಂಡನು. ಪಟ ಉಳಿಯಿತು, ತೆಗೆದವನ ಕೀರ್ತಿ ಉಳಿಯಲಿಲ್ಲ.

ಮದರಾಸಿನ ದಿಕ್ಕಿಗೆ ಸಾಗುವ ಹೊಸೂರು ರಸ್ತೆಯ ಮೇಲಿನ ನಮ್ಮ ಹೆಬ್ಬಗೋಡಿಯಲ್ಲಿ ಇಂದು ಕಾರ್ಖಾನೆಯ ಕೂಲಿಕಾರನ ಜೇಬಿನಲ್ಲಿಯೂ ಕ್ಯಾಮೆರಾವುಳ್ಳ ಮೊಬೈಲು ಇದೆ. 2020ರ ಲಾಕ್‌ಡೌನಿನಲ್ಲಿ ಕೆಲಸ ಕಳೆದುಕೊಂಡವರು ಗಂಟುಮೂಟೆ ಹೊತ್ತು ತಂತಮ್ಮ ಊರುಗಳಿಗೆ ನಡೆದಾಗ ಅವರ ಪಟಗಳೇ ದೇಶದ ಕಣ್ಣು ತೆರೆಸಿದವು. ವಿಪತ್ತಿನಲ್ಲಿ ಪಟ ತೆಗೆಯುವುದು ತಪ್ಪಲ್ಲ. ತೆಗೆಯದಿರುವುದೇ ಹಲವು ಸಲ ತಪ್ಪು. ಆದರೆ ತೆಗೆಯುವ ಮುನ್ನ ನೀರು ಬೇಕೇ ಎಂದು ಕೇಳತಕ್ಕದ್ದು, ತೆಗೆದ ಮೇಲೆ ಹೆಸರನ್ನೂ ಊರನ್ನೂ ಬರೆದುಕೊಳ್ಳತಕ್ಕದ್ದು. ಅಷ್ಟನ್ನು ಮಾಡಿದ್ದರೆ ಆ ಸಾಲಿನಲ್ಲಿ ಕುಳಿತವರು ಇಂದು ನಮಗೆ ಬರಿಯ ಮೂಳೆಯ ಗೂಡುಗಳಾಗಿ ಉಳಿಯದೆ, ಇಂಥ ಊರಿನ ಇಂಥವರೆಂದು ಪರಿಚಿತರಾಗಿರುತ್ತಿದ್ದರು.