ವಿಶ್ವೇಶ್ವರಯ್ಯನವರ ವಿದ್ಯಾಕಾರ್ಯ

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಜನರ ಕಣ್ಣೆದುರು ಕನ್ನಂಬಾಡಿಯ ಕಟ್ಟೆ ನಿಲ್ಲುತ್ತದೆ. ಅದು ಸಹಜವೇ ಸರಿ. ಆದರೆ ಬಹುಕಾಲ ಉಪಾಧ್ಯಾಯ ವೃತ್ತಿಯಲ್ಲಿದ್ದ ನನಗೆ, ಆ ಎಂಜಿನಿಯರು ವಿದ್ಯೆಯ ವಿಷಯದಲ್ಲಿ ಮಾಡಿದ ಕೆಲಸ ಅಷ್ಟೇ ಹಿರಿದೆಂದು ತೋರುತ್ತದೆ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯ ಆ ಹುಡುಗ ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಳ್ಳಬೇಕಾಯಿತು. 1881ರಲ್ಲಿ ಬಿ.ಎ. ಮುಗಿದ ಮೇಲೆ ಮೈಸೂರು ಸರ್ಕಾರ ವಿದ್ಯಾರ್ಥಿವೇತನವಿತ್ತು ಪುಣೆಗೆ ಕಳುಹಿಸಿತು. ಆ ನೆರವು ದೊರೆಯದಿದ್ದರೆ ನಾಡಿಗೊಬ್ಬ ಎಂಜಿನಿಯರು ದೊರೆಯುತ್ತಿದ್ದನೇ ಎಂಬುದು ಯೋಚಿಸತಕ್ಕ ಮಾತು.

1884ರಲ್ಲಿ ಅವರು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ರೂಪಿಸಿದ ಬಾಗಿಲುಗಳು ನೀರು ಮಿತಿಮೀರಿದಾಗ ತಾವಾಗಿಯೇ ತೆರೆದು, ಇಳಿದಾಗ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಇದ್ದ ಕಟ್ಟೆಯಲ್ಲಿಯೇ ಹೆಚ್ಚು ನೀರು ನಿಲ್ಲುವಂತಾಯಿತು. ವ್ಯರ್ಥವಾಗಿ ಹರಿದುಹೋಗುವುದನ್ನು ತಡೆದು ಉಪಯೋಗಕ್ಕೆ ತರುವ ಈ ಬುದ್ಧಿಯೇ ಮುಂದೆ ಜನರ ಶಕ್ತಿಯ ಕಡೆಗೆ ತಿರುಗಿತು. 1898ರಲ್ಲಿ ಜಪಾನಿಗೆ ಹೋದಾಗ, ಆ ದೇಶದ ಏಳಿಗೆಗೆ ಶಾಲೆಗಳೇ ತಳಹದಿಯೆಂಬುದನ್ನು ಅವರು ಕಂಡುಕೊಂಡರು.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದ ಅವರನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1912ರಲ್ಲಿ ದಿವಾನರನ್ನಾಗಿ ನೇಮಿಸಿದರು. ಆಗ ಸಂಸ್ಥಾನದ ಜನಸಂಖ್ಯೆ ಸುಮಾರು 58 ಲಕ್ಷ. ಓದುಬರಹ ಬಲ್ಲವರು ನೂರಕ್ಕೆ ಆರೇಳು ಮಂದಿ. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನವಾಗಿ, ಆಯ್ದ ಸ್ಥಳಗಳಲ್ಲಿ ಕಡ್ಡಾಯ ವಿದ್ಯಾಭ್ಯಾಸ ಮೊದಲಾಯಿತು. ಅವರ ಆಡಳಿತದ ಆರು ವರ್ಷಗಳಲ್ಲಿ ಶಾಲೆಗಳ ಸಂಖ್ಯೆ ಇಮ್ಮಡಿಯನ್ನು ಮೀರಿತು. ಹೆಬ್ಬಾಳದಲ್ಲಿ ಕೃಷಿಶಾಲೆಯೂ 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜೂ ಆರಂಭವಾದವು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಸ್ಥಾಪನೆಗೂ ಅವರ ಬೆಂಬಲವಿತ್ತು.

ಅಲ್ಲಿಯವರೆಗೆ ನಮ್ಮ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೆ ಅಧೀನವಾಗಿದ್ದವು. ಇಷ್ಟು ಚಿಕ್ಕ ಸಂಸ್ಥಾನಕ್ಕೆ ಸ್ವಂತ ವಿಶ್ವವಿದ್ಯಾನಿಲಯವೇಕೆಂಬ ಸಂದೇಹಗಳನ್ನು ಗೆದ್ದು, 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಎಚ್.ವಿ. ನಂಜುಂಡಯ್ಯನವರು ಮೊದಲ ಉಪಕುಲಪತಿಗಳಾದರು. ದೇಶೀಯ ಸಂಸ್ಥಾನವೊಂದರಲ್ಲಿ ಸ್ಥಾಪಿತವಾದ ಮೊತ್ತಮೊದಲನೆಯ ವಿಶ್ವವಿದ್ಯಾನಿಲಯವಿದು.

ಆದರೆ ಇದೇ ಕಾಲದಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ಸರ್ಕಾರದ ಹುದ್ದೆಗಳಲ್ಲಿ ಬ್ರಾಹ್ಮಣರೇ ಬಹುಪಾಲಾಗಿರುವಾಗ ಉಳಿದವರ ಗತಿಯೇನು? 1918ರಲ್ಲಿ ಮಹಾರಾಜರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಯೋಗ್ಯತೆಯೊಂದನ್ನೇ ಅಳತೆಗೋಲಾಗಿ ನಂಬಿದ್ದ ದಿವಾನರಿಗೆ ಈ ಮಾರ್ಗ ಒಪ್ಪಿಗೆಯಾಗಲಿಲ್ಲ; ಆ ವರ್ಷದ ಕೊನೆಯಲ್ಲಿ ಅಧಿಕಾರವನ್ನು ಬಿಟ್ಟರು. ಸಮಿತಿಯ ವರದಿ 1919ರಲ್ಲಿ ಬಂದಿತು.

ಇಲ್ಲಿ ನಾನು ಅವರ ಪಕ್ಷವನ್ನು ಹಿಡಿಯಲಾರೆ. ತಲೆತಲಾಂತರದಿಂದ ಅಕ್ಷರ ಮನೆಯಲ್ಲಿದ್ದ ಹುಡುಗನನ್ನೂ ಶಾಲೆಯ ಹೊಸ್ತಿಲನ್ನೇ ತುಳಿಯದವನ ಮಗನನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ಓಡಿಸುವುದು ನ್ಯಾಯವೆನಿಸುವುದಿಲ್ಲ. ಬಡತನದ ಕಷ್ಟವನ್ನು ಸ್ವತಃ ಉಂಡಿದ್ದ ಅವರು ಜಾತಿಯ ಕಷ್ಟವನ್ನು ಅಷ್ಟು ಹತ್ತಿರದಿಂದ ಕಾಣಲಿಲ್ಲವೇನೋ. ಆದರೂ ತಮ್ಮ ನಂಬಿಕೆಗಾಗಿ ಪದವಿಯನ್ನು ತೊರೆದ ನಿಷ್ಠೆ ಗೌರವಾರ್ಹವಾದುದು. ಅವರು ತೆರೆದ ಶಾಲೆಗಳಲ್ಲಿ ಓದಿದ ಎಷ್ಟೋ ಮಂದಿಯ ಮಕ್ಕಳೇ ಮುಂದೆ ಸಮಪಾಲನ್ನು ಕೇಳುವ ಬಲವನ್ನು ಪಡೆದರು.

ಪದವಿ ಹೋದರೂ ಕಾರ್ಯ ನಿಲ್ಲಲಿಲ್ಲ. 1955ರಲ್ಲಿ ಭಾರತರತ್ನ ಪ್ರಶಸ್ತಿ ಸಂದಿತು. ನೂರು ವರ್ಷಗಳ ತುಂಬುಬಾಳನ್ನು ಕಂಡು 1962ರಲ್ಲಿ ಅವರು ಕಣ್ಮುಚ್ಚಿದರು. ಮುದ್ದೇನಹಳ್ಳಿಯ ಒಬ್ಬ ಹುಡುಗನಿಗೆ ಸರ್ಕಾರ ಕೊಟ್ಟ ವಿದ್ಯಾರ್ಥಿವೇತನವನ್ನು ಆತನು ಸಾವಿರಾರು ಶಾಲೆಗಳ ರೂಪದಲ್ಲಿ ನಾಡಿಗೆ ಹಿಂದಿರುಗಿಸಿದನು.