ದೇವರನ್ನು ಬಿಟ್ಟವರು ಕಟ್ಟಿದ ಲೋಕಗಳು

ಚೂಪು ಕಿವಿಯ ಮಿಸ್ಟರ್ ಸ್ಪಾಕ್ ನಿಮಗೆ ನೆನಪಿರಬಹುದು. 1980ರ ದಶಕದಲ್ಲಿ ನಮ್ಮ ದೂರದರ್ಶನದಲ್ಲೂ 'ಸ್ಟಾರ್ ಟ್ರೆಕ್' ಬರುತ್ತಿತ್ತು. ನನ್ನ ವಯಸ್ಸಿನವರು ಅದನ್ನು ನೋಡಿದ್ದು ಆಮೇಲೆ, ಲ್ಯಾಪ್‌ಟಾಪಿನಲ್ಲಿ. ಅದನ್ನು ಹುಟ್ಟುಹಾಕಿದವರು ಜೀನ್ ರಾಡೆನ್‌ಬೆರಿ. ಬೇರೆ ಗ್ರಹಗಳ ಜನರ ನಂಬಿಕೆ, ಆಚರಣೆಗಳನ್ನು ಮನೆಮನೆಯ ಟಿವಿಗೆ ತಂದ ಇವರು ಸ್ವತಃ ಯಾವ ಧರ್ಮಕ್ಕೂ ಅಂಟಿಕೊಂಡವರಲ್ಲ. ಅವರ ಬದುಕಿನಲ್ಲಿ ನನಗೆ ಆಸಕ್ತಿ ಹುಟ್ಟಿಸಿದ್ದು ಇದೇ.

1921ರ ಆಗಸ್ಟ್ 19ರಂದು ಟೆಕ್ಸಾಸಿನ ಎಲ್ ಪಾಸೋದಲ್ಲಿ ಅವರು ಹುಟ್ಟಿದರು. ಅಪ್ಪ ಲಾಸ್ ಏಂಜಲೀಸ್‌ನಲ್ಲಿ ಪೊಲೀಸ್. ಬ್ಯಾಪ್ಟಿಸ್ಟ್ ಚರ್ಚಿನ ವಾತಾವರಣದಲ್ಲಿ ಬೆಳೆದ ಹುಡುಗ ದೊಡ್ಡವನಾಗುತ್ತಾ ಅದರಿಂದ ದೂರ ಸರಿದ. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ರಣರಂಗದಲ್ಲಿ ಬಿ-17 ಬಾಂಬರ್ ಹಾರಿಸಿ, ಆಮೇಲೆ ಪ್ಯಾನ್ ಆಮ್ ವಿಮಾನ ಕಂಪನಿ ಸೇರಿದರು. 1947ರ ಜೂನ್‌ನಲ್ಲಿ ಕರಾಚಿಯಿಂದ ಇಸ್ತಾಂಬುಲ್‌ಗೆ ಹೊರಟ ವಿಮಾನ ಸಿರಿಯಾದ ಮರುಭೂಮಿಯಲ್ಲಿ ಬಿತ್ತು. ಅದರಲ್ಲಿದ್ದ ರಾಡೆನ್‌ಬೆರಿ ಬದುಕುಳಿದರು, ಗಾಯಾಳುಗಳನ್ನು ಹೊರಗೆಳೆದರು. ಮುಂದೆ ಹಾರಾಟ ಬಿಟ್ಟು ಅಪ್ಪನಂತೆ ಪೊಲೀಸ್ ಕೆಲಸ ಹಿಡಿದರು. ಜೊತೆಗೇ ಟಿವಿಗೆ ಬರೆಯತೊಡಗಿ, 1956ರಲ್ಲಿ ಇಲಾಖೆಗೆ ರಾಜೀನಾಮೆ ಕೊಟ್ಟರು.

ಅಂದಿನ ಅಮೆರಿಕದ ಟಿವಿಯಲ್ಲಿ ಯುದ್ಧ, ಜನಾಂಗ, ಧರ್ಮದ ಬಗ್ಗೆ ನೇರವಾಗಿ ಮಾತಾಡುವುದು ಕಷ್ಟವಿತ್ತು. ಅದೇ ಮಾತನ್ನು ಇನ್ನೊಂದು ಗ್ರಹದಲ್ಲಿಟ್ಟು ಹೇಳಬಹುದು ಎಂಬುದು ಅವರ ಲೆಕ್ಕಾಚಾರ. ಎನ್‌ಬಿಸಿ ಮೊದಲ ಪೈಲಟ್ ಕಂತನ್ನು ತಳ್ಳಿಹಾಕಿತು. ಪ್ರಚಾರದ ಹೊತ್ತಗೆಯಲ್ಲಿ ಸ್ಪಾಕ್‌ನ ಕಿವಿಯ ಚೂಪನ್ನೂ ತಿದ್ದಿ ಅಳಿಸಿತ್ತು. ಆದರೂ 1966ರ ಸೆಪ್ಟೆಂಬರ್ 8ರಂದು ಧಾರಾವಾಹಿ ಶುರುವಾಯಿತು. 79 ಕಂತುಗಳಾಗಿ 1969ರಲ್ಲಿ ನಿಂತಿತು.

ಅದರಲ್ಲಿ ದೇವರು ಬಂದಾಗಲೆಲ್ಲ ಹೆಚ್ಚುಕಡಿಮೆ ಒಂದೇ ಉತ್ತರ: ಅದು ದೇವರಲ್ಲ, ಯಂತ್ರ ಅಥವಾ ನಮಗಿಂತ ಬಲಶಾಲಿಯಾದ ಜೀವಿ. 'ದಿ ಆಪಲ್' ಕಂತಿನಲ್ಲಿ ಜನ ಪೂಜಿಸುವ ಯಂತ್ರವನ್ನು ಕ್ಯಾಪ್ಟನ್ ಕರ್ಕ್ ನಾಶಮಾಡಿ, ಇನ್ನು ನಿಮ್ಮ ಬದುಕು ನೀವೇ ನೋಡಿಕೊಳ್ಳಿ ಎಂದು ಹೊರಡುತ್ತಾರೆ. ತಕರಾರು ಎತ್ತುವವನು ಸ್ಪಾಕ್. ಎಂಜಿನಿಯರ್ ಆದ ನನಗೆ ಈ ಕಥೆ ಹಿಡಿಸಬೇಕಿತ್ತು. ಆದರೆ ನನ್ನ ಮನಸ್ಸು ಸ್ಪಾಕ್‌ನ ಕಡೆಗೇ ಇತ್ತು.

ಅದೇ 1967ರಲ್ಲಿ ಬಂದದ್ದು 'ಅಮಾಕ್ ಟೈಮ್'. ಬರೆದವರು ಥಿಯೋಡರ್ ಸ್ಟರ್ಜನ್. ಸ್ಪಾಕ್ ತನ್ನ ಮದುವೆಯ ಶಾಸ್ತ್ರಕ್ಕೆ ವಲ್ಕನ್ ಗ್ರಹಕ್ಕೆ ಮರಳುತ್ತಾನೆ. ಕೆಂಪು ನೆಲ, ಗಂಟೆಯ ಸದ್ದು, ಆಳುಗಳು ಹೊತ್ತು ತರುವ ಹಿರಿಯಜ್ಜಿ. ಇಲ್ಲಿ ಯಾರೂ ಆ ಆಚರಣೆ ಸುಳ್ಳೆಂದು ಸಾಬೀತುಮಾಡಲು ಹೋಗುವುದಿಲ್ಲ. ಬೆರಳುಗಳನ್ನು ಎರಡೆರಡಾಗಿ ಅಗಲಿಸಿ ಮಾಡುವ ವಲ್ಕನ್ ನಮಸ್ಕಾರ ಇಲ್ಲಿಯೇ ಮೊದಲು ಕಂಡದ್ದು. ಅದನ್ನು ತಂದವರು ಸ್ಪಾಕ್ ಪಾತ್ರಧಾರಿ ಲೆನರ್ಡ್ ನಿಮಾಯ್; ಬಾಲ್ಯದಲ್ಲಿ ಬಾಸ್ಟನ್ನಿನ ಸಿನಗಾಗ್‌ನಲ್ಲಿ ಪುರೋಹಿತರು ಆಶೀರ್ವದಿಸುವಾಗ ಮಾಡುತ್ತಿದ್ದ ಕೈಮುದ್ರೆ ಅದು. ಧರ್ಮ ಬಿಟ್ಟವರ ಧಾರಾವಾಹಿಯನ್ನು ಜಗತ್ತು ಗುರುತಿಸುವುದು ಒಂದು ಪ್ರಾರ್ಥನೆಯ ಮುದ್ರೆಯಿಂದ!

ಹೊರರಾಜ್ಯದಲ್ಲಿರುವ ನಮಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ. ಪುಣೆಯ ಆಫೀಸಿನಲ್ಲಿ ದಕ್ಷಿಣದವರೆಂದರೆ ಇಡ್ಲಿ-ಸಾಂಬಾರ್. ಧಾರವಾಡ, ಮಂಗಳೂರು, ಮಡಿಕೇರಿ ಎಲ್ಲ ಒಂದೇ. 'ಸ್ಟಾರ್ ಟ್ರೆಕ್'ನಲ್ಲೂ ವಲ್ಕನ್ ಎಂದರೆ ತರ್ಕ, ಕ್ಲಿಂಗಾನ್ ಎಂದರೆ ಜಗಳಗಂಟ. ಇಡೀ ಗ್ರಹಕ್ಕೆ ಒಂದೇ ಗುಣ. ಮನೆಯೊಳಗಿನ ಮದುವೆ, ಮುನಿಸು, ಹಿರಿಯರ ಮಾತು ತೋರಿಸಿದಾಗ ಮಾತ್ರ ಆ ಗ್ರಹ ಯಾರದೋ ಊರು ಅನ್ನಿಸುತ್ತದೆ.

ರಾಡೆನ್‌ಬೆರಿ ನಂತರವೂ ಕಲಿತರು. 1987ರ 'ನೆಕ್ಸ್ಟ್ ಜನರೇಷನ್'ನಲ್ಲಿ, ಹಿಂದೆ ಶತ್ರುವಾಗಿದ್ದ ಕ್ಲಿಂಗಾನ್ ಜನಾಂಗದ ವೋರ್ಫ್ ಹಡಗಿನ ಅಧಿಕಾರಿಯಾದ. ಆದರೆ ಧರ್ಮದ ವಿಷಯದಲ್ಲಿ ಅವರ ನಿಲುವು ಬದಲಾಗಲಿಲ್ಲ. 1991ರ ಅಕ್ಟೋಬರ್ 24ರಂದು ತೀರಿಕೊಂಡರು. 1997ರಲ್ಲಿ ಅವರ ಚಿತಾಭಸ್ಮದ ಒಂದಿಷ್ಟು ಭಾಗ ರಾಕೆಟ್ಟಿನಲ್ಲಿ ಬಾಹ್ಯಾಕಾಶಕ್ಕೆ ಹೋಯಿತು.

ಅವರಿಲ್ಲದೆ 1993ರಲ್ಲಿ ಶುರುವಾದ 'ಡೀಪ್ ಸ್ಪೇಸ್ ನೈನ್'ನಲ್ಲಿ ಬಜೋರ್ ಗ್ರಹದವರಿಗೆ ಗುಡಿ, ಗುರು, ಒಳಜಗಳ ಎಲ್ಲ ಇವೆ. ಭಕ್ತರಿಗೂ ಸಂದೇಹವಾದಿಗಳಿಗೂ ಅಲ್ಲಿ ಜಾಗವಿದೆ. ವಾರಾಂತ್ಯ ಬಿಡುವಿದ್ದರೆ ಮೊದಲು 'ದಿ ಆಪಲ್', ಆಮೇಲೆ 'ಅಮಾಕ್ ಟೈಮ್' ನೋಡಿ. ಎರಡರಲ್ಲಿ ಯಾವ ಗ್ರಹದವರನ್ನು ಮತ್ತೆ ಭೇಟಿಯಾಗಬೇಕು ಅನ್ನಿಸುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ.